ಮೋತಿಗೆ ಮಾಡಿದ ಉಪಚಾರ

"ನಾಯಿಗೆ ಉಣಸೂದೇನ ದೊಡ್ಡ ಕೆಲಸರಿ? ಎರಡ ದಿನಾ ಬಿಟ್ಟ ಹೋಗ್ರಿ, ಗುರುತ ಸಿಗದಂಗ ಮಾಡಿ ಕೊಡ್ತೀನಿ" ಎಂದು ಗುರುಪಾದಪ್ಪ ಎದೆಯುಬ್ಬಿಸಿ ಹೇಳಿದ. ಹೇಳಿದಂತೆ ಮಾಡಿಯೂ ತೋರಿಸಿದ.

ಡೊಂಬಿವಲಿಯ ಆ ಸಾಲುಮನೆಗಳ ಚಾಳಿನಲ್ಲಿ ಅವನ ಪಕ್ಕದ ಖೋಲಿಯ ರತ್ನಾವತಿಯಮ್ಮ ಉಡುಪಿ ಕಡೆಯವರು. ಥಾಣೆಯಲ್ಲಿ ತಂಗಿಗೆ ಹುಷಾರಿಲ್ಲವೆಂದು ಹೊರಟವರು ತಮ್ಮ ನಾಯಿ ಮೋತಿಯನ್ನು ಗುರುಪಾದಪ್ಪನ ಹೆಂಡತಿ ಈರವ್ವನಿಗೆ ಒಪ್ಪಿಸಿ, "ಅದರ ಹೊಟ್ಟೆ ಭಾರೀ ನಾಜೂಕು. ಗಂಜಿ, ಸ್ವಲ್ಪ ಮಜ್ಜಿಗೆ. ಬೇರೆ ಎಂತದೂ ಹಾಕ್ಬೇಡಿ, ಆಯ್ತಾ? ನಿಮ್ಮನ್ನು ನಂಬಿ ಬಿಟ್ಟು ಹೋಗ್ತೇನೆ" ಎಂದರು. ಈ ಪರಭಾಷೆಯ ಊರಿನಲ್ಲಿ ಈರವ್ವನಿಗೆ ಕನ್ನಡದಲ್ಲಿ ಕಷ್ಟಸುಖ ಹೇಳಿಕೊಳ್ಳಲು ಸಿಕ್ಕ ಒಂದೇ ಜೀವ ಅವರು. ಆಕೆ ರೇಶನ್ ಅಕ್ಕಿಯ ಕಲ್ಲು ಆರಿಸಿ, ಗಂಜಿ ಕಾಸಿ, ಆರಿಸಿ ಹಾಕಿದಳು.

ಮರುದಿನ ಯುಗಾದಿ. ಗುರುಪಾದಪ್ಪನ ತಟ್ಟೆಯಲ್ಲಿ ಹೋಳಿಗೆ, ಎದುರಿಗೆ ಕೂತ ಮೋತಿಯ ಮುಂದೆ ಗಂಜಿ. ಅವನ ಧಾರವಾಡದ ರಕ್ತ ಕುದಿಯಿತು. ಬಂದವರು "ಸಾಕು" ಎಂದ ಮೇಲೂ ಎರಡು ಹೋಳಿಗೆ ಹಾಕಿ ತುಪ್ಪ ಸುರಿಯುವ ವಂಶ ಅವನದು. ಹಬ್ಬದ ದಿನ ಅತಿಥಿಗೆ ಗಂಜಿಯೇ?

ಈರವ್ವ ನೀರಿಗೆ ಹೋದದ್ದೇ ತಡ, ಒಂದು ಹೋಳಿಗೆ ಇಳಿಯಿತು. ಮೋತಿ ಸಾಕು ಅನ್ನಲಿಲ್ಲ. "ಇನ್ನೊಂದ ತಿನ್ನಪಾ, ನನ್ನ ಆಣಿ" ಎಂದು ಇನ್ನೊಂದು. ಉಂಡವರಿಗೆ ಕೃತಜ್ಞತೆ ಬೇಡವೇ? ಮುಂಗಾಲು ಜೋಡಿಸಿ ಕೈಮುಗಿಯುವುದನ್ನೂ ಕಲಿಸಿದ. ಪ್ರತಿ ನಮಸ್ಕಾರಕ್ಕೂ ತುಪ್ಪದಲ್ಲಿ ಅದ್ದಿದ ಒಂದು ತುತ್ತು. ಅಂಥ ಚುರುಕಿನ ಶಿಷ್ಯ ಅವನಿಗೆ ಸ್ವಂತ ಮಕ್ಕಳಲ್ಲೂ ಸಿಕ್ಕಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದದ್ದೇ ಮೋತಿ ಖೋಲಿಗಳ ಮುಂದಿನ ಉದ್ದ ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ಓಡಿತು. ಯಾರ ಹೊಸ್ತಿಲಿಗೂ ಅನ್ಯಾಯ ಮಾಡದೆ ಹೊಟ್ಟೆಯಲ್ಲಿದ್ದದ್ದನ್ನು ಎಲ್ಲರಿಗೂ ಸಮನಾಗಿ ಹಂಚಿ ಬಂತು. ಈರವ್ವ ಸೆರಗು ಸಿಕ್ಕಿಸಿ, ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರನ್ನೆಲ್ಲ ಸುರಿದು ತೊಳೆಯುತ್ತಿರುವಾಗ ರತ್ನಾವತಿಯಮ್ಮ ಮೆಟ್ಟಿಲು ಹತ್ತಿ ಬಂದರು.

"ಎಂತ ಹಾಕಿದ್ದು ನೀವು?"

"ದೇವರಾಣಿ, ಬರೇ ಗಂಜಿರೀ ಅಕ್ಕಾರ."

"ಗಂಜಿಗೆ ಹೀಗಾಗ್ತದಾ? ಹಳಸಿದ್ದು ಹಾಕಿದ್ರೋ ಏನೋ. ನಿಮ್ಮನ್ನು ನಂಬಿದ್ದೇ ನನ್ನ ತಪ್ಪು."

ಈರವ್ವನ ಕಣ್ಣು ತುಂಬಿ ಬಂತು. ಬಾಯಿ ಬಿಡಬೇಕಾದವನು ಬಾಗಿಲ ಹಿಂದೆ ನಿಂತಿದ್ದ. ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಗಿತ್ತು. ಆಫೀಸಿಗೆ ಹೊತ್ತಾಯಿತೆಂದು ಊಟದ ಡಬ್ಬಿ ಹಿಡಿದು, ಗೋಡೆ ಸವರಿಕೊಂಡು ಜಾರತೊಡಗಿದ. ಡಬ್ಬಿಯಲ್ಲಿ ಉಳಿದ ಹೋಳಿಗೆ ಇತ್ತು.

ಸುಸ್ತಾಗಿ ಬಿದ್ದಿದ್ದ ಮೋತಿ ಮೂಗೆತ್ತಿತು. ಎದ್ದು ಬಂದು ಅವನ ದಾರಿಗೆ ಅಡ್ಡ ಕೂತು, ಮುಂಗಾಲು ಜೋಡಿಸಿತು. ಅವನು ಎಡಕ್ಕೆ ಸರಿದರೆ ಅದೂ ಎಡಕ್ಕೆ ಸರಿದು ಮತ್ತೆ ಕೈ ಮುಗಿಯಿತು.

"ಇದನ್ನು ಇದಕ್ಕೆ ಯಾರು ಕಲಿಸಿದ್ದು?" ಎಂದರು ರತ್ನಾವತಿಯಮ್ಮ.

ಈರವ್ವ ನಾಯಿಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಗಂಡನನ್ನು ನೋಡಿದಳು.

"ಅದು ಹೋಳಿಗಿಗೆ ಕೈ ಮುಗೀಲಿಕತ್ತೈತಿ. ನೀವು ಯಾವಾಗ ಮುಗೀತೀರಿ?"

ರತ್ನಾವತಿಯಮ್ಮ ಈರವ್ವನ ಒದ್ದೆ ಕೈಯನ್ನು ಹಿಡಿದುಕೊಂಡರು. ಗುರುಪಾದಪ್ಪ ಡಬ್ಬಿ ಕೆಳಗಿಟ್ಟು, ಇಡೀ ಗ್ಯಾಲರಿಯ ಎದುರು, ತಲೆ ತಗ್ಗಿಸಿ ಎರಡೂ ಕೈ ಜೋಡಿಸಿದ.

ನಮಸ್ಕಾರಕ್ಕೆ ಏನಾದರೂ ಸಿಗಲೇಬೇಕಲ್ಲ. ಜೋಡಿಸಿದ ಕೈಯೊಳಗೆ ಈರವ್ವ ಕಸಬರಿಗೆ ಇಟ್ಟಳು.