ಅಂಬರಾಯನ ಮನೆಯ ತೊಟ್ಟಿಲು

ವಾಡಿ ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಹನ್ನೊಂದು ವರ್ಷ ಗುಮಾಸ್ತನಾಗಿದ್ದ ರೇವಣಪ್ಪನಿಗೆ ಒಂದು ಹೆಮ್ಮೆಯಿತ್ತು. ಅವನ ಕೈಗೆ ಬಂದ ಗಂಟು ಒಂದೂ ಕಳೆದಿಲ್ಲ, ಒಂದೂ ಒಡೆದಿಲ್ಲ, ಒಂದೂ ತಪ್ಪು ಮನೆ ಸೇರಿಲ್ಲ. ಮಾವಿನ ಬುಟ್ಟಿ ಬರಲಿ, ಹೊಲಿಗೆ ಮಷೀನು ಬರಲಿ, ಪಂಜರದಲ್ಲಿ ಕೂಗುವ ಕೋಳಿಯೇ ಬರಲಿ, ಬಂದದ್ದು ಬಂದ ಹಾಗೆ ಯಜಮಾನನ ಕೈಗೆ. ಇಂಥ ಮನುಷ್ಯ ತನ್ನದೇ ಒಂದು ತೊಟ್ಟಿಲನ್ನು ಎರಡು ತಿಂಗಳು ಹೆಂಡತಿಯ ಕಣ್ಣಿಗೆ ಬೀಳದಂತೆ ಇಡಲಾರನೇ? ಇಡಬಲ್ಲೆ ಅಂತ ಎದೆ ತಟ್ಟಿಕೊಂಡ. ಎಡವಟ್ಟು ಶುರುವಾದದ್ದೇ ಅಲ್ಲಿಂದ ನೋಡ್ರಿ.

ಹೆಂಡತಿಯಿಂದ ಯಾಕೆ ಮುಚ್ಚಿಡಬೇಕು ಅಂತೀರಾ? ಗುರುದೇವಿಗೆ ಇದು ಮೂರನೇ ಬಸಿರು. ಮೊದಲೆರಡು ಸಲವೂ ತವರೂರು ಆಡಕಿಯಲ್ಲಿ ಏಳು ತಿಂಗಳು ತುಂಬುತ್ತಲೇ ತೊಟ್ಟಿಲು ಕಟ್ಟಿ, ಹೊಸ ಕೌದಿ ಹಾಸಿ ಕಾದಿದ್ದರು. ಎರಡು ಸಲವೂ ಕೂಸು ಹುಟ್ಟಿತು, ಅಳಲಿಲ್ಲ. ಎರಡನೇ ಸಲ ಆ ತೊಟ್ಟಿಲನ್ನು ನೋಡಲಾರದೆ ಅವಳ ತಾಯಿ ಶರಣಬಸಮ್ಮ ಅದನ್ನು ಮಠಕ್ಕೆ ಕೊಟ್ಟುಬಿಟ್ಟಿದ್ದಳು. ಈ ಸಲ ಗುರುದೇವಿ ತವರಿಗೂ ಹೋಗಲಿಲ್ಲ. ತಾಯಿಯನ್ನೇ ವಾಡಿಯ ರೈಲ್ವೆ ಕ್ವಾರ್ಟರ್ಸಿಗೆ ಕರೆಸಿಕೊಂಡು, ಗಂಡನನ್ನು ಎದುರಿಗೆ ಕೂಡಿಸಿ ಹೇಳಿದಳು.

"ಕೂಸು ಅಳಬೇಕು. ಅತ್ತ ಮ್ಯಾಲ ಏನ ಬೇಕಾದ್ರೂ ತರ್ರಿ. ಅದಕಿಂತ ಮೊದಲು ಒಂದು ಎಳಿ ದಾರ ಸೈತ ಕೂಸಿನ ಹೆಸರೀಲೆ ಈ ಹೊಸ್ತಿಲ ದಾಟಬಾರದು."

"ಹಾಸಲಿಕ್ಕ ಒಂದು ಕೌದಿನರೇ..."

"ನನ್ನ ಸೀರಿ ಹರಿತೀನಿ."

"ಮತ್ತ ತೊಟ್ಟಿಲಾ?"

"ಆ ಹೆಸರು ತೆಗೀಬ್ಯಾಡ್ರಿ ನನ್ನ ಮುಂದ."

ರೇವಣಪ್ಪ ಹೆಸರು ತೆಗೆಯಲಿಲ್ಲ. ಆದರೆ ಚಿಂಚೋಳಿಯಲ್ಲಿ ಒಬ್ಬ ಬಡಿಗೇರ ಮುದುಕನಿದ್ದ. ಅವನ ತೊಟ್ಟಿಲಲ್ಲಿ ತೂಗಿದ ಕೂಸು ನೂರು ವರ್ಷ ಬಾಳುತ್ತದೆ ಅಂತ ಸೇಡಂ ತನಕ ಮಾತಿತ್ತು. ಆ ಮುದುಕ ಹೇಳಿಕಳಿಸಿದ: "ಕಣ್ಣಾಗ ಪೊರಿ ಬಂದದ. ಇದೊಂದು ಮಾಡಿ ಉಳಿ ಕೆಳಗಿಡ್ತೀನಿ. ಬೇಕಾದ್ರ ಈಗೇ ಹೇಳು." ಎರಡು ಕೂಸು ಮಣ್ಣು ಮಾಡಿ ಬಂದ ತಂದೆ ಇಂಥ ಮಾತು ಕೇಳಿ ಹ್ಯಾಗೆ ಸುಮ್ಮನಿರುತ್ತಾನೆ? ಹೂಂ ಅಂದ.

ಸಾಗವಾನಿ ಕಟ್ಟಿಗೆ, ನಾಲ್ಕು ಮೂಲೆಗೆ ನಾಲ್ಕು ಹಸಿರು ಗಿಳಿ. ಗೋಣಿತಟ್ಟಿನಲ್ಲಿ ಸುತ್ತಿದ ತೊಟ್ಟಿಲು ಚಿಂಚೋಳಿಯಿಂದ ಬಸ್ಸಿನ ತಲೆ ಮೇಲೆ ಸೇಡಮ್ಮಿಗೆ, ಸೇಡಮ್ಮಿನಿಂದ ಪ್ಯಾಸೆಂಜರ್ ಗಾಡಿಯಲ್ಲಿ ಚಿತ್ತಾಪುರ ದಾಟಿ ವಾಡಿಗೆ, ಅವನ ಟೇಬಲ್ಲಿನ ಮುಂದಕ್ಕೇ ಬಂದು ಇಳಿಯಿತು. ಬಿಡಿಸಿಕೊಳ್ಳದ ಮಾಲನ್ನು ಆಫೀಸಿನಲ್ಲಿ ಬಹಳ ದಿನ ಇಡುವಂತಿಲ್ಲ ಅಂತ ಊರಿಗೆಲ್ಲ ಕಾಯಿದೆ ಹೇಳುವವನು ಇವನೇ. ಈಗ ತನ್ನ ಮಾಲು ಎಲ್ಲಿಡಬೇಕು?

ಅವನ ಲೈನಿನಲ್ಲಿ ಹನ್ನೆರಡು ಮನೆ. ರೇವಣಪ್ಪ ಒಂದೊಂದನ್ನೇ ಮನಸ್ಸಿನಲ್ಲಿ ತೂಗಿ ನೋಡಿದ. ಎಲ್ಲ ಮನೆಯಲ್ಲೂ ಮಕ್ಕಳು. ಮಕ್ಕಳಿದ್ದಲ್ಲಿ ಗುಟ್ಟು ನಿಲ್ಲುವುದಿಲ್ಲ. ತನ್ನದನ್ನು ಬಿಟ್ಟರೆ ಮಕ್ಕಳಿಲ್ಲದ ಮನೆ ಒಂದೇ ಒಂದು, ಗಾಡಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಅಂಬರಾಯನದು. ಅಂಬರಾಯ, ಅವನ ಹೆಂಡತಿ ಭೀಮಮ್ಮ, ಮದುವೆಯಾಗಿ ಹದಿನೆಂಟು ವರ್ಷ. ಆ ಮನೆಗೆ ಒಂದು ನರಪಿಳ್ಳೆಯೂ ಹೋಗುವುದಿಲ್ಲ. ಅಲ್ಲಿ ತೊಟ್ಟಿಲು ಇರಬಹುದೆಂದು ಯಾರಾದರೂ ಕನಸಿನಲ್ಲಾದರೂ ಅಂದುಕೊಳ್ಳುತ್ತಾರೆಯೇ? ತನ್ನ ಬುದ್ಧಿಗೆ ತಾನೇ ಬೆರಗಾಗಿ ರೇವಣಪ್ಪ ಬೆನ್ನು ಚಪ್ಪರಿಸಿಕೊಂಡ. ಮೈಸೂರು ರಾಜ್ಯದಲ್ಲಿ ಇಂಥ ತಲೆ ಇನ್ನೊಂದಿಲ್ಲ ಅಂದುಕೊಂಡ. ಖರೆ, ಇಂಥ ತಲೆ ಇನ್ನೊಂದು ಇರಲಿಕ್ಕಿಲ್ಲ.

ಕತ್ತಲಾದ ಮೇಲೆ ತಂದು ಇಳಿಸಿದ ತೊಟ್ಟಿಲಿನ ಗೋಣಿತಟ್ಟು ಬಿಚ್ಚಿದ್ದನ್ನು ಅಂಬರಾಯ ನೋಡಿದ. ಗಿಳಿಗಳನ್ನು ನೋಡಿದ. "ಇಡ್ರಿ," ಅಂದು ಡ್ಯೂಟಿಗೆ ಹೋಗಿಬಿಟ್ಟ.

ಭೀಮಮ್ಮ ಸೆರಗಿನಿಂದ ಅದರ ಮೇಲಿನ ಸಿಮೆಂಟಿನ ಧೂಳು ಒರೆಸಿದಳು. ವಾಡಿಯಲ್ಲಿ ಹೊಸ ವಸ್ತುವಿನ ಮೇಲೂ ಫ್ಯಾಕ್ಟರಿಯ ಧೂಳು ಗಳಿಗೆಯಲ್ಲಿ ಕೂರುತ್ತದೆ.

"ವೈನಿ, ಗುರುದೇವಿ ಹಡಿಯೂತನ ಇದು ನಂದಂತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಆಣಿ ಅದ ನಿಮಗ," ಅಂದ ರೇವಣಪ್ಪ.

"ಬಿಡೂದಿಲ್ಲ," ಅಂದಳು ಅವಳು.

ನಾಲ್ಕನೇ ದಿನ ವಿಮಲಾಬಾಯಿ, ಬೇರೆ ಯಾರ ಮನೆಯಲ್ಲೂ ಸಿಗದೆ, ಹಿಟ್ಟಿನ ಜರಡಿ ಕೇಳಲು ಬಂದಳು. ಲೈನಿನ ಮೊದಲ ಮನೆಯಾಕೆ, ಹನ್ನೆರಡು ಮನೆಯ ಸುದ್ದಿಗೂ ಅವಳೇ ಸ್ಟೇಷನ್ ಮಾಸ್ತರಳು. ಜರಡಿ ಮರೆತು ಮೂಲೆಯ ಕಡೆ ನೋಡಿದಳು.

"ಭೀಮಮ್ಮ, ಇದೇನು?"

"ತೊಟ್ಟಿಲ."

"ಯಾರಿಗಿ?"

ಭೀಮಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಣೆ ಇತ್ತಲ್ಲ. ತಲೆ ತಗ್ಗಿಸಿದಳು. ತಲೆ ತಗ್ಗಿಸಿದ್ದನ್ನು ನಾಚಿಕೆ ಅಂತ ತಿಳಿದ ವಿಮಲಾಬಾಯಿ ಜರಡಿಯನ್ನು ಅಲ್ಲೇ ಬಿಟ್ಟು ನಲ್ಲಿಯ ಕಡೆ ಓಡಿದಳು. ಹದಿನೆಂಟು ವರ್ಷಕ್ಕೆ ಭೀಮಮ್ಮನಿಗೆ ಬಸಿರು ನಿಂತಿದೆ! ಹೊಟ್ಟೆ ಕಾಣುವುದಿಲ್ಲವಲ್ಲ ಅಂತ ಒಬ್ಬಳು ಕೇಳಿದ್ದಕ್ಕೆ, "ನಡು ವಯಸ್ಸಿನ ಬಸಿರು ಬೆನ್ನಿಗಿ ಹತ್ತಿರತದ, ಕಾಣೂದಿಲ್ಲ" ಅಂತ ವಿಮಲಾಬಾಯಿ ತೀರ್ಪು ಕೊಟ್ಟಳು.

ಮರುದಿನದಿಂದ ಹುಳಿಯ ಮೆರವಣಿಗೆ. ಒಬ್ಬಳು ಪುಂಡಿಪಲ್ಯ ತಂದಳು, ಒಬ್ಬಳು ಮಾವಿನಕಾಯಿ ಉಪ್ಪಿನಕಾಯಿ, ಒಬ್ಬಳು ಹುಣಸೆ ಚಿಗುರಿನ ಚಟ್ನಿ. ಎಂದೂ ಆ ಹೊಸ್ತಿಲು ತುಳಿಯದವರು, ತಮ್ಮ ಮನೆಯ ಬಸುರಿಯರ ಕುಬಸಕ್ಕೆ, ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಅವಳನ್ನೊಬ್ಬಳನ್ನೇ ಬಿಟ್ಟು ಲೈನಿಗೆಲ್ಲ ಹೇಳಿದವರು, ಈಗ ಚಾಪೆ ಹಾಸಿಕೊಂಡು ಕೂತು ಅವಳ ತಲೆ ಬಾಚಿದರು. ರೇವಣಪ್ಪನಿಗೆ ಮೊದಲು ನಗು ತಡೆಯಲಿಲ್ಲ. ಗುಟ್ಟು ಉಳಿಯಿತಲ್ಲ, ಇಷ್ಟು ಚೆನ್ನಾಗಿ ಗುಟ್ಟು ಕಾಯುವ ಗೋಡೆಯನ್ನು ರೈಲ್ವೆಯವರೂ ಕಟ್ಟಿಲ್ಲ ಅಂದುಕೊಂಡ. ಅಂಬರಾಯನನ್ನು ಕ್ಯಾಬಿನ್ನಿನಲ್ಲಿ ಜನ ಪೇಡೆ ಕೇಳಿದರಂತೆ. ಅವನು ಲಿವರು ಎಳೆಯುತ್ತ ನಿಂತನಂತೆ.

ಒಂದು ಸಂಜೆ ಅಂಬರಾಯ ಪಾರ್ಸಲ್ ಆಫೀಸಿನ ಬಾಗಿಲಿಗೆ ಬಂದ.

"ನಿಮ್ಮ ಮಾಲು ಯಾವಾಗ ಬಿಡಿಸಿಕೋತೀರಿ?"

"ಇನ್ನೊಂದು ತಿಂಗಳು ಅಂಬರಾಯಣ್ಣ. ಯಾಕ, ತ್ರಾಸ ಆಗ್ಲಿಕತ್ತದೇನು?"

"ಡ್ಯೂಟಿ ಮುಗಿಸಿ ಮನಿಗಿ ಹೋದ್ರ ಅದು ತೂಗ್ತಿರ್ತದ. ಲಗೂನ ಒಯ್ದ್ರ ಛಲೋ." ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. "ಬ್ಯಾಡ. ಇರ್ಲಿ. ಅವಸರ ಮಾಡಬ್ಯಾಡ್ರಿ."

ಆಗ ರೇವಣಪ್ಪನ ನಗು ಅರ್ಧ ನಿಂತಿತು. ಪೂರ್ತಿ ನಿಂತದ್ದು ಮನೆಗೆ ಹೋದ ಮೇಲೆ. ಗುರುದೇವಿ ಭಾರದ ಹೊಟ್ಟೆ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ತಿಂಗಳುಗಟ್ಟಲೆ ಆದ ಮೇಲೆ ಅವಳ ಮುಖದಲ್ಲಿ ನಗು.

"ಭೀಮಮ್ಮ ವೈನಿಗಿ ದಿನ ತುಂಬಲಿಕತ್ತಾವಂತ, ಕೇಳೀರೇನು? ನನಗ ಧೈರ್ಯ ಬಂತ ನೋಡ್ರಿ. ಹದಿನೆಂಟು ವರ್ಷಕ್ಕ ಅವರಿಗಿ ಕೊಟ್ಟ ದೇವರು ನನಗ ಕೊಡೂದಿಲ್ಲೇನು?" ಹಸಿರು ಬಳೆ, ಕುಬಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟ ತಟ್ಟೆಯನ್ನು ಅವನ ಕೈಗೆ ಕೊಟ್ಟಳು. "ನನಗ ನಡೀಲಿಕ್ಕ ಆಗೂದಿಲ್ಲ. ನೀವೇ ಕೊಟ್ಟು ಬರ್ರಿ."

ಈಗ ಏನಂತಾನೆ ಪಾರ್ಸಲ್ ಗುಮಾಸ್ತ? ಖರೆ ಹೇಳಿದರೆ ಹೆಂಡತಿಯ ಧೈರ್ಯ ಹೋಗುತ್ತದೆ, ಮೇಲೆ ತೊಟ್ಟಿಲಿನ ಭಯ ಬರುತ್ತದೆ. ಹೇಳದಿದ್ದರೆ ಈ ತಟ್ಟೆ ಹೊತ್ತು ಭೀಮಮ್ಮನ ಮುಂದೆ ನಿಲ್ಲಬೇಕು. ತಟ್ಟೆ ಹೊತ್ತ. ಹತ್ತು ಹೆಜ್ಜೆಯ ದಾರಿ ಅವನಿಗೆ ಶಹಾಬಾದಿನಷ್ಟು ದೂರವಾಯಿತು.

ಬಾಗಿಲು ತೆರೆದಿತ್ತು. ಭೀಮಮ್ಮ ತೊಟ್ಟಿಲ ಪಕ್ಕ ಕೂತು ಹಗ್ಗ ಜಗ್ಗುತ್ತಿದ್ದಳು. ಇವನನ್ನು ಕಂಡು ಗಡಬಡಿಸಿ ಎದ್ದಳು. ರೇವಣಪ್ಪ ಒಳಗೆ ಬಗ್ಗಿ ನೋಡಿದ. ಹಳೇ ಸೀರೆಯ ಮೆತ್ತನೆಯ ಮಡಿಕೆಯ ಮೇಲೆ ಖಾರ ಅರೆಯುವ ಗುಂಡುಕಲ್ಲು ಮಲಗಿತ್ತು. ತೊಳೆದು, ಎಣ್ಣೆ ಸವರಿ, ತಲೆಗೆ ಕೂಸಿನ ಕುಂಚಿಗೆ ಹೊಲಿದು ತೊಡಿಸಿ, ಹಣೆ ಇರಬೇಕಾದಲ್ಲಿ ಕಾಡಿಗೆಯ ಬೊಟ್ಟು ಇಟ್ಟಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲು ಗುಂಡುಕಲ್ಲು ಮಲಗಿಸಿ ಆಮೇಲೆ ಕೂಸು ಮಲಗಿಸುವುದು ಎಲ್ಲರ ಮನೆಯ ಪದ್ಧತಿ. ಅದು ಒಂದು ಗಳಿಗೆಯ ಶಾಸ್ತ್ರ. ಇಲ್ಲಿ ಕಲ್ಲು ಒಂದು ತಿಂಗಳಿಂದ ಮಲಗಿತ್ತು.

"ಬರೇ ತೊಟ್ಟಿಲ ಇಡಬಾರದಂತ್ರಿ," ಅಂದಳು ಭೀಮಮ್ಮ, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ. "ನಿಮ್ಮ ಕೂಸಿಗಿ ಛಲೋ ಆಗ್ಲಿ ಅಂತ ಮಲಗಿಸೀನಿ. ಹೆಸರ ಇಟ್ಟಿಲ್ರಿ. ಅಷ್ಟು ಹುಚ್ಚಿ ಅಲ್ಲ ನಾ."

ರೇವಣಪ್ಪ ತಟ್ಟೆ ಹಿಡಿದುಕೊಂಡೇ ಅಂದ, "ವೈನಿ, ಖರೇದು ಹೇಳಿಬಿಡ್ರಿ. ಆಣಿ ವಾಪಸ್ ತಗೋತೀನಿ. ನನ್ನ ಸಲುವಾಗಿ ನಿಮಗ್ಯಾಕ ಈ..."

"ಗುರುದೇವಿ ಹಡೀಲಿ. ನಾಳಿ ಖರೇದು ತಿಳೀತಂದ್ರ ಮಂದಿ ಏನಂತಾರಂತ ನನಗೂ ಗೊತ್ತದ. ಬಂದ ಬಳಿ, ಖಣ ಎಲ್ಲಾ ಬುಟ್ಟ್ಯಾಗ ಇಟ್ಟೀನಿ, ಹೊಳ್ಳಿ ಕೊಡ್ತೀನಿ. ಪುಂಡಿಪಲ್ಯ ಅಷ್ಟ ತಿಂದೀವಿ, ಕೆಡತದಲ್ಲ." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಮೊನ್ನಿ ನನ್ನ ತಲಿ ಬಾಚಿದ್ರು ರೇವಣಪ್ಪ. ನಮ್ಮವ್ವ ಸತ್ತ ಮ್ಯಾಲ ಯಾರೂ ಬಾಚಿದ್ದಿಲ್ಲ. ಇನ್ನಷ್ಟು ದಿನ ಇರ್ಲಿ ಬಿಡ್ರಿ."

ರೇವಣಪ್ಪ ತಟ್ಟೆಯನ್ನು ಎಲ್ಲಿಟ್ಟನೋ, ಹ್ಯಾಗೆ ಹೊರಬಿದ್ದನೋ ಅವನಿಗೇ ತಿಳಿಯಲಿಲ್ಲ. ಅವನ ಹನ್ನೊಂದು ವರ್ಷದ ಸರ್ವೀಸಿನಲ್ಲಿ ಮೊದಲ ಸಲ ಒಂದು ಗಂಟು ತಪ್ಪು ಮನೆ ಸೇರಿತ್ತು. ಕಳಿಸಿದವನು ಅವನೇ.

ಅಲ್ಲಿಂದ ಇಪ್ಪತ್ತಾರು ದಿನಕ್ಕೆ ರೈಲ್ವೆ ಆಸ್ಪತ್ರೆಯಲ್ಲಿ ಗುರುದೇವಿ ಹಡೆದಳು. ಹೊರಗೆ ಬೆಂಚಿನ ಮೇಲೆ ಕೂತ ರೇವಣಪ್ಪ ಕಿವಿಗೊಟ್ಟ. ಒಂದು ಗೂಡ್ಸ್ ಗಾಡಿ ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ ಒಳಗೆ ಕೂಸು ಅಳುತ್ತಿತ್ತು, ಹೆಣ್ಣು ಕೂಸು, ಗಂಟಲು ಹರಿಯುವಂತೆ. ಅವನೂ ಅತ್ತ. ಯಾರು ಜೋರಾಗಿ ಅತ್ತರು ಅಂತ ಆಮೇಲೆ ಶರಣಬಸಮ್ಮನನ್ನು ಕೇಳಿದರೆ, ಅಳಿಯಂದೇ ಜೋರಿತ್ತು ಅನ್ನುತ್ತಿದ್ದಳು.

ಹದಿಮೂರನೇ ದಿನ ಕೂಸನ್ನು ತೊಟ್ಟಿಲಿಗೆ ಹಾಕಬೇಕು. ಬೆಳಿಗ್ಗೆ ರೇವಣಪ್ಪ ಅಂಬರಾಯನ ಮನೆಗೆ ಹೋದ. ಭೀಮಮ್ಮ ಕಲ್ಲನ್ನು ಕುಂಚಿಗೆಯ ಸಮೇತ ತೆಗೆದು ನೆಲದ ಮೇಲಿನ ಸೀರೆಯ ಮಡಿಕೆಗೆ ಇಳಿಸಿದಳು. "ಒಯ್ರಿ," ಅಂದಳು. ತೊಟ್ಟಿಲು ತಲೆ ಮೇಲೆ ಹೊತ್ತು ಅವನು ಲೈನಿಗೆ ಬಂದಾಗ ನಲ್ಲಿಯ ಹತ್ತಿರ ಎಲ್ಲ ಹೆಂಗಸರೂ ಇದ್ದರು.

"ಅಯ್ಯ, ಭೀಮಮ್ಮನ ತೊಟ್ಟಿಲ ಎಲ್ಲಿ ಒಯ್ಲಿಕತ್ತೀರಿ?" ಅಂದಳು ವಿಮಲಾಬಾಯಿ.

ಈಗ ಸುಮ್ಮನಿದ್ದರೆ ಮುಂದಿನ ಹದಿನೆಂಟು ವರ್ಷ ಈ ಹೆಂಗಸರ ಬಾಯಿಗೆ ಯಾರು ಬೀಳುತ್ತಾರೆ ಅಂತ ಅವನಿಗೆ ಗೊತ್ತಿತ್ತು.

"ತೊಟ್ಟಿಲ ನಂದು. ಗುರುದೇವಿಗಿ ಹೆದರಿ ಮುಚ್ಚಿಟ್ಟಾಂವ ನಾನು. ಆಣಿ ಹಾಕಿ ವೈನಿ ಬಾಯಿ ಕಟ್ಟಿದಾಂವ ನಾನು. ಅವರು ಬಸುರಿ ಅಂತ ಹೇಳಿದವರು ನೀವು. ಅವರು ಒಂದು ಸುಳ್ಳೂ ಆಡಿಲ್ಲ. ನಗೂದಿದ್ರ ನನಗ ನಗರಿ."

ಯಾರೂ ನಗಲಿಲ್ಲ. ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ.

ಗುರುದೇವಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಎರಡು ತಿಂಗಳು ಬರೇ ತೊಟ್ಟಿಲ ಇಟ್ಟಿದ್ರೇನು? ಇದು ನನ್ನ ಹೊಟ್ಟ್ಯಾಗ ಇದ್ದಾಗ?"

"ಬರೇ ಇರ್ಲಿಲ್ಲ," ಅಂದ ರೇವಣಪ್ಪ. ಕಲ್ಲಿನ ಮಾತು ಹೇಳಿದ. ಕುಂಚಿಗೆ, ಕಾಡಿಗೆ, ಹೆಸರು ಇಡದ್ದು, ತಲೆ ಬಾಚಿದ್ದು, ಒಂದೂ ಬಿಡದೆ ಹೇಳಿದ. ಗುರುದೇವಿ ಗೋಡೆಗೆ ಒರಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವಳ ಎರಡು ಕೂಸಿಗಾಗಿ ಅತ್ತಳೋ, ಭೀಮಮ್ಮನಿಗಾಗಿ ಅತ್ತಳೋ, ಕೇಳುವ ಧೈರ್ಯ ಅವನಿಗಿರಲಿಲ್ಲ.

ಶರಣಬಸಮ್ಮ ಒಳಗಿನಿಂದ ತಮ್ಮ ಗುಂಡುಕಲ್ಲು ತಂದಳು. "ಹೊತ್ತಾಯ್ತು, ಏಳವ್ವ. ಕಲ್ಲು ಮಲಗ್ಸಮು."

"ಅದಲ್ಲ," ಅಂದಳು ಗುರುದೇವಿ. "ತೊಟ್ಟಿಲ ತಂದಾರ, ಅದರಾಗ ಮಲಗಿದ್ದಾಕಿನ್ನ ಎಲ್ಲಿ ಬಿಟ್ಟು ಬಂದಾರ? ದೊಡ್ಡಾಕಿನ್ನ ನೆಲಕ್ಕ ಹಾಕಿ ಸಣ್ಣಾಕಿನ್ನ ಹ್ಯಾಂಗ ಮಲಗಸ್ಲಿ? ಹೋಗ್ರಿ, ಕರ್ಕೊಂಡು ಬರ್ರಿ. ಇಬ್ಬರನ್ನೂ."

"ಮಕ್ಕಳಿಲ್ಲದಾಕಿ ಕೈಲೆ..." ಅನ್ನಲು ಹೋದ ಶರಣಬಸಮ್ಮ ಮಗಳ ಮುಖ ನೋಡಿದಳು. ತಮ್ಮ ಕಲ್ಲನ್ನು ಒಳಗೆ ಒಯ್ದು ಇಟ್ಟು, "ಹೋಗಿ ಬರ್ರಿ ಅಳಿಯಂದ್ರ" ಅಂದಳು.

ಭೀಮಮ್ಮ ಬುಟ್ಟಿ ಎದುರಿಗಿಟ್ಟುಕೊಂಡು ಹಸಿರು ಬಳೆಗಳನ್ನು ಮನೆ ಮನೆಗೆ ಬೇರೆ ಮಾಡುತ್ತಿದ್ದಳು. ರೇವಣಪ್ಪ ಬಾಗಿಲಲ್ಲಿ ನಿಂತು ಹೇಳಿದ. ಅವಳು ನಂಬಲಿಲ್ಲ. "ನಾ ಬರಬಹುದೇನ್ರಿ? ನಿಮ್ಮ ಅತ್ತಿಯವರು ಏನಂತಾರ?"

"ಅವರೇ ಕಳಿಸ್ಯಾರ. ಕಲ್ಲು ನಾ ಎತಗೋತೀನಿ, ನೀವು ನಡೀರಿ ವೈನಿ."

ಎರಡು ಮಣದ ಗಂಟು ನೆಲದಿಂದ ಟೇಬಲ್ಲಿಗೆ ಎತ್ತಿಟ್ಟ ಕೈ ಅವನದು. ಬಗ್ಗಿ ಕಲ್ಲಿಗೆ ಕೈ ಹಾಕಿದ. ಕುಂಚಿಗೆ ಕಟ್ಟಿದ ಕಸಿದಾರ ಬೆರಳಿಗೆ ಸಿಕ್ಕಿತು. ಕಲ್ಲು ಏಳಲಿಲ್ಲ. ಮತ್ತೊಮ್ಮೆ ಹಿಡಿದ, ಕಣ್ಣು ಮಂಜಾಗಿ ಎಲ್ಲಿ ಹಿಡಿಯಬೇಕೋ ತಿಳಿಯಲಿಲ್ಲ.

ಭೀಮಮ್ಮ ಅವನನ್ನು ಮೆಲ್ಲಗೆ ಆ ಕಡೆ ಸರಿಸಿದಳು. ಒಂದು ಕೈ ತಲೆಯ ಕೆಳಗೆ, ಒಂದು ಕೈ ಬೆನ್ನ ಕೆಳಗೆ ಹಾಕಿ ಕಲ್ಲನ್ನು ಎತ್ತಿ ಹೆಗಲಿಗೆ ಒರಗಿಸಿಕೊಂಡಳು.

"ಬಿಡ್ರಿ, ನಿಮ್ಮ ಕೈಲೆ ಆಗೂದಿಲ್ಲ," ಅಂದಳು. "ಎತ್ತಿ ನನಗ ರೂಢಿ ಅದ."