ನಲವತ್ತೆಂಟು ಸಲ ಬೈದ ಹಾಡು

ಒಂದು ವಾರದೊಳಗೆ ಆ ಹಾಡಿನ ಹುಟ್ಟಡಗಿಸದಿದ್ದರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ ಎಂದು ಲೈಬ್ರರಿ ಮೇಡಂ ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಶಪಥ ಮಾಡಿದಳು. ಬಾಯಲ್ಲಿ ನೊರೆಯಿದ್ದದ್ದರಿಂದ ಗಂಡನಿಗೆ ಅರ್ಧ ಮಾತ್ರ ಕೇಳಿಸಿತು. ಉಳಿದರ್ಧವನ್ನು ಅವಳ ಕಣ್ಣೇ ಹೇಳಿತು.

ಹಾಡು ಅವನದೇ. ವಾರವೆಲ್ಲ ಊರಿನವರ ವಾಷಿಂಗ್ ಮಷೀನ್ ರಿಪೇರಿ ಮಾಡುವ ಈ ಮಹಾಶಯ, ಭಾನುವಾರ ಮನೆಯ ಮಷೀನಿಗೆ ಮೈಕು ಅಂಟಿಸಿ, ಅದು ಗಿರಗಿರ ತಿರುಗುವ ಸದ್ದಿನಿಂದ ಕಂಪ್ಯೂಟರಿನಲ್ಲಿ ಡಾನ್ಸ್ ಹಾಡು ಕಟ್ಟುತ್ತಿದ್ದ. ಅಂಥದೊಂದು ಭಾನುವಾರ ಬಟ್ಟೆ ತೆಗೆಯಲು ಹೋದವಳು, ಮೈಕು ಕಿವಿ ತೆರೆದು ಕೂತಿದ್ದನ್ನು ಕಾಣದೆ ಗಂಡನ ಜನ್ಮ ಜಾಲಾಡಿದಳು.

"ಸಾಕ್ಸ್ ಉಲ್ಟಾ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು? ಎಷ್ಟು ಸಲ?"

ಆ "ಎಷ್ಟು ಸಲ" ಮಷೀನಿನ ತಾಳಕ್ಕೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಹಾಡಿನುದ್ದಕ್ಕೂ ಅದು ನಲವತ್ತೆಂಟು ಬಾರಿ ಬಂತು.

ಹಾಡಿನ ಕಂಪನಿಯೊಂದು ಅದನ್ನು ಬಿಡುಗಡೆ ಮಾಡಿದ ಮೊದಲ ವಾರ, ಹಾಡು ಜನಪ್ರಿಯ ಪಟ್ಟಿಯಲ್ಲಿ ತೊಂಬತ್ತನೆಯದು. ಮರುವಾರ ಹನ್ನೊಂದು. ಅದರಾಚೆಯ ವಾರ ಒಂದು. ಬಸ್ಸಿನಲ್ಲಿ, ಜಿಮ್ಮಿನಲ್ಲಿ, ಚಪ್ಪಲಿ ಅಂಗಡಿಯಲ್ಲಿ ಅವಳ ಸಿಟ್ಟು ಕುಣಿಯತೊಡಗಿತು. ಹದಿನಾಲ್ಕು ವರ್ಷ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿಯೇ ಕಾಲೇಜಿನ ಲೈಬ್ರರಿಯನ್ನು ಮೌನವಾಗಿಟ್ಟವಳು ಅವಳು. ಈಗ ಪುಸ್ತಕ ತಡವಾಗಿ ತಂದ ಹುಡುಗಿಯನ್ನು ಎಷ್ಟು ಸಲ ಹೇಳಬೇಕೆಂದು ಗದರಿದರೆ, ಓದುತ್ತಿದ್ದ ಮೂರು ಮೇಜಿನವರು ಒಟ್ಟಿಗೆ ಭುಜ ಕುಣಿಸಿದರು. ಬಾಗಿಲಲ್ಲಿ ನಿಂತ ಪ್ರಿನ್ಸಿಪಾಲರ ಬೂಟು ಮೆಲ್ಲಗೆ ತಾಳ ಹಾಕುತ್ತಿತ್ತು. ಅವಳಿಗೆ ಕಣ್ಣು ತುಂಬಿತು. ತುಂಬಿದ್ದಕ್ಕೂ ಸಿಟ್ಟು ಬಂತು.

ಶಪಥದ ಆ ಸೋಮವಾರ, ಬಾಯಿ ಮುಕ್ಕಳಿಸಿ ಬಂದು ಅವಳು ಗಂಡನೆದುರು ನಿಂತಳು.

"ನನ್ನನ್ನ ಒಂದು ಮಾತು ಕೇಳಿದ್ರಾ ನೀವು?"

"ಕೇಳಿದ್ರೆ ನೀನು ಬೈತಿದ್ದೆ."

"ಈಗ ಬೈಯೋ ಹಾಗೂ ಇಲ್ಲವಲ್ಲ. ಬಾಯಿ ತೆಗೆದ್ರೆ ಜನ ಕುಣೀತಾರೆ. ನನ್ನ ದನಿ ತೆಗೆಸಿ. ಅದಿಲ್ಲದೆ ಆ ಹಾಡು ಎರಡು ದಿನ ನಿಲ್ಲುತ್ತಾ ನೋಡೇ ಬಿಡ್ತೀನಿ."

ಅವನು ಹಾಡಿನ ಕಂಪನಿಯವರ ಕೈಕಾಲು ಹಿಡಿದು ತೆಗೆಸಿದ. ಶುಕ್ರವಾರ ಹಾಡು ಹೊಸ ರೂಪದಲ್ಲಿ ಬಂತು. ಯುದ್ಧ ಗೆದ್ದ ರಾಣಿಯಂತೆ ಅವಳು ಕೈಕಟ್ಟಿ ಕೂತು ಕೇಳಿದಳು. ಮಷೀನು ತಿರುಗಿತು. ಅದರ ಮೇಲೆ ಜೇನು ಸವರಿದಂಥ ಬೇರೊಂದು ಹೆಣ್ಣುದನಿ, ಅದೇ ಸಾಕ್ಸಿಗಾಗಿ, ಕೊಂಚ ನಗುತ್ತ, ಅವಳ ಗಂಡನನ್ನು ಗದರತೊಡಗಿತು.

"ಇವಳ್ಯಾರು?"

ಕಂಪನಿಯವರೇ ಕರೆಸಿದ ಗಾಯಕಿ, ಒಂದೇ ಸಲಕ್ಕೆ ಹಾಡಿ ಮುಗಿಸಿದರು, ಹಾಡು ಇನ್ನೂ ಮೊದಲ ಸ್ಥಾನದಲ್ಲೇ ಇದೆ ಎಂದು ಅವನು ವಿವರಿಸಿದ.

"ನಿಮ್ಮನ್ನ ಬೈಯೋಕೆ ಇವಳ್ಯಾರು ಅಂತ ಕೇಳಿದ್ದು. ಒಂದು ದಿನ ನಿಮ್ಮ ಸಾಕ್ಸ್ ಮುಟ್ಟಿದಾಳಾ?"

ಹೀಗೆನ್ನುತ್ತಲೇ ಅವಳು ಕಂಪನಿಗೆ ಫೋನು ಹಚ್ಚಿದಳು. ಕೆಲಸವಾಗಬೇಕಿತ್ತು, ಆದ್ದರಿಂದ ದನಿಯಲ್ಲಿದ್ದ ಬೆಣ್ಣೆಯನ್ನೆಲ್ಲ ಕರಗಿಸಿ, ಹಾಡಿನಲ್ಲಿ ಮೊದಲು ಬೈದವಳು ತಾನೇ ಎಂದೂ, ದಯವಿಟ್ಟು ತನ್ನ ಬೈಗುಳವನ್ನೇ ವಾಪಸು ಹಾಕಬೇಕೆಂದೂ ಬೇಡಿಕೊಂಡಳು. ಎಲ್ಲಿ, ಬೈದು ತೋರಿಸಿ ಎಂದರು. ಅವಳು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಬಲು ಮರ್ಯಾದೆಯಿಂದ ಬೈದಳು.

ಆ ಕಡೆಯವರು ನಕ್ಕರು.

"ತಮಾಷೆ ಸಾಕು ಮೇಡಂ," ಎಂದಿತು ಫೋನು. "ಆ ಬೈಯೋ ಹೆಂಗಸಿಗೇ ಫೋನು ಕೊಡಿ."