ನಲವತ್ತು ಟನ್ನಿನ ಟ್ಯಾಂಕಿಗೆ ಎರಡು ಲಿಂಬೆಹಣ್ಣು

ವಾರವಿಡೀ ನಾನು ವಿಮಾನದ ಕಂಪನಿಯಲ್ಲಿ ಎಂಜಿನಿಯರ್. ಶನಿವಾರ ಮಾತ್ರ ಸಿಯಾಟಲ್ ಹೊರಗಿನ ಒಂದು ಸಣ್ಣ ಮಿಲಿಟರಿ ಮ್ಯೂಸಿಯಂನಲ್ಲಿ ಬಿಟ್ಟಿ ಗೈಡು. ನನ್ನ ಪಾಲಿಗೆ ಬಂದದ್ದು ಎರಡನೇ ಮಹಾಯುದ್ಧದ ಅಮೆರಿಕನ್ ಹೆವಿ ಟ್ಯಾಂಕು, ಎಂ-೨೬. ಅದರ ಪಕ್ಕ ನಾನು ನಿಂತರೆ ಸಾಕು, ಯಾರಾದರೊಬ್ಬರು ಬಂದು ನನ್ನ ಬಿಪಿ ಏರಿಸಿಯೇ ಹೋಗುತ್ತಾರೆ. ನಾಲ್ಕು ವರ್ಷದಲ್ಲಿ ಒಂದು ಶನಿವಾರವೂ ತಪ್ಪಿಲ್ಲ.

ಬೇಸಿಗೆಯಲ್ಲಿ ವರ್ಷಕ್ಕೊಮ್ಮೆ ಈ ಟ್ಯಾಂಕನ್ನು ಹಿಂದಿನ ಮೈದಾನದಲ್ಲಿ ಓಡಿಸುತ್ತಾರೆ. ಅದಕ್ಕೆ ಗ್ರೀಸ್ ಹಾಕುವವಳು ನಾನು. ಓಡಿಸುವವರು ಪ್ರತಿ ಸಲವೂ ಬೇರೆ ಯಾರೋ ಗಂಡಸರು. ಒಂದೇ ಒಂದು ಸಲ ಆ ಡ್ರೈವರ್ ಸೀಟಿನಲ್ಲಿ ಕೂರಬೇಕು ಅನ್ನುವುದು ನನ್ನ ಆಸೆ.

ಬ್ಯಾಗ್ ಹಿಡಿದವರು

ಸಿಯಾಟಲ್ ಪಕ್ಕದ ಫ್ಯಾಕ್ಟೋರಿಯಾ ಬಡಾವಣೆಯ ಆಫೀಸೊಂದರಲ್ಲಿ ಮ್ಯಾನೇಜರ್ ಆಗಿರುವ ಕನ್ನಡದವರೊಬ್ಬರು ಬಂದರು. ಅಂಗೈಯಗಲದ ‘ಗೈಡ್’ ಬ್ಯಾಡ್ಜ್ ಹಾಕಿಕೊಂಡು ನಾನು ಎದುರಿಗೇ ಇದ್ದೆ. ಊಟದ ಡಬ್ಬಿ ಕೊಡಲು ಬಂದಿದ್ದ ನನ್ನ ಗಂಡ ನನ್ನ ಬ್ಯಾಗ್ ಹಿಡಿದು ಪಕ್ಕದಲ್ಲಿದ್ದರು. ಮ್ಯಾನೇಜರ್ ಕೇಳಿದ್ದು ಯಾರನ್ನ?

“ಸರ್, ಇದು ಯುದ್ಧಕ್ಕೆ ಹೋಗಿತ್ತಾ?”

“ನಂಗೊತ್ತಿಲ್ಲ ಸರ್, ಇವಳನ್ನ ಕೇಳಿ.”

ನಾನು ಹೇಳಿದೆ. “ಹೋಗಿತ್ತು, ಆದ್ರೆ ತಡವಾಗಿ. ಹಳೇ ಟ್ಯಾಂಕೇ ಸಾಕು, ಹಡಗಿಗೆ ಹಗುರ ಅಂತ ದೊಡ್ಡವರು ವಾದ ಮಾಡ್ಕೊಂಡು ಕೂತ್ರು. ಅಷ್ಟರಲ್ಲಿ ಆ ಹಳೇ ಟ್ಯಾಂಕುಗಳಲ್ಲಿ ಎಷ್ಟೋ ಸೈನಿಕರು ಸತ್ರು. ಇದು ಯುರೋಪ್ ಮುಟ್ಟೋ ಹೊತ್ತಿಗೆ ಯುದ್ಧ ಮುಗಿಯೋಕೆ ಕೆಲವೇ ತಿಂಗಳಿತ್ತು.”

ಅವರು ಗಮನವಿಟ್ಟು ಕೇಳಿದರು, ತಲೆದೂಗಿದರು. ಆಮೇಲೆ ನನ್ನ ಗಂಡನ ಕೈ ಕುಲುಕಿ ಅಂದರು, “ಬಹಳ ಚೆನ್ನಾಗಿ ತಿಳ್ಕೊಂಡಿದೀರ ಸರ್.”

ಅಪ್‌ಡೇಟ್

ಇನ್ನೊಂದು ಶನಿವಾರ ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನಿಂದ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಬಂದ. ಹಗುರವಾದ ಹಳೇ ಟ್ಯಾಂಕಿನ ಎಂಜಿನ್ನನ್ನೇ ಹೆಚ್ಚುಕಡಿಮೆ ಹಾಗೇ ಇದಕ್ಕೂ ಇಟ್ಟಿದ್ದರು, ಹೀಗಾಗಿ ಮುಂದೆ ಕೊರಿಯಾ ಯುದ್ಧದಲ್ಲಿ ಗುಡ್ಡ ಹತ್ತಲು ಇದು ಏದುಸಿರು ಬಿಡುತ್ತಿತ್ತು ಎಂದು ವಿವರಿಸುತ್ತಿದ್ದೆ. ಹೊರೆ ಹೆಚ್ಚಿಸುವುದು, ಶಕ್ತಿ ಮಾತ್ರ ಅಷ್ಟೇ ಕೊಡುವುದು! ಕೆಲಸಕ್ಕೆ ಹೋಗುವ ಯಾವ ಹೆಂಗಸಿಗೂ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ಅವನು ನಕ್ಕ. “ಇಲ್ಲ ಮೇಡಂ, ನಾನು ದಿನಾ ಕಂಪ್ಯೂಟರ್ ಗೇಮಲ್ಲಿ ಇದನ್ನ ಓಡಿಸ್ತೀನಿ. ಆರಾಮಾಗಿ ಗುಡ್ಡ ಹತ್ತುತ್ತೆ.”

“ಅಪ್ಪಾ, ಇದರ ಎಂಜಿನ್ ಮುಚ್ಚಳ ಬಿಚ್ಚಿ ನೋಡಿದವಳು ನಾನು.”

“ಅದು ಹಳೇದಿರ್ಬೇಕು ಮೇಡಂ,” ಎಂದು ನನಗೆ ಸಮಾಧಾನ ಹೇಳಿದ. “ಹೋದ ತಿಂಗಳು ಅಪ್‌ಡೇಟ್ ಬಂತಲ್ಲ.”

ಮೊದಲನೇ ‘ಬೇಡ’

ಈ ವರ್ಷ ತಡೆಯಲಾಗದೆ ವರ್ಕ್‌ಶಾಪಿನ ಯಜಮಾನರ ಮುಂದೆ ಹೋಗಿ ನಿಂತೆ. ಎಪ್ಪತ್ತು ದಾಟಿದ ಅಮೆರಿಕನ್, ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದವರು. ಚೆಕ್‌ಲಿಸ್ಟ್ ಇಲ್ಲದೆ ಕಾಫಿಯನ್ನೂ ಕುಡಿಯದ ಮನುಷ್ಯ.

“ಗ್ರೀಸ್ ಹಾಕೋಕೆ ನಾನು ಆಗ್ತೀನಿ, ಓಡಿಸೋಕೆ ಆಗಲ್ವಾ?”

ಅವರು ಹಳೆಯ ಪುಸ್ತಕ ತೆಗೆದು ಪುಟ ತಿರುವಿದರು. “ಮೊದಲನೇ ವರ್ಷವೇ ನಾನು ನಿನ್ನನ್ನ ಕೇಳಿದ್ದೆ. ನೀನೇ ಬೇಡ ಅಂದೆ. ಇಲ್ಲಿ ಬರ್ಕೊಂಡಿದೀನಿ ನೋಡು.”

ನಿಜ. ನಮ್ಮ ಧಾರವಾಡದ ಕಡೆ ಮೂರು ಸಲ ಒತ್ತಾಯ ಮಾಡದೆ ಯಾರೂ ಎರಡನೇ ಹೋಳಿಗೆ ಹಾಕಿಸಿಕೊಳ್ಳುವುದಿಲ್ಲ. ನಾನು ಅಂದದ್ದು ಮೊದಲನೇ ‘ಬೇಡ’. ಎರಡನೇ ಸಲ ಕೇಳಲಿ ಎಂದು ನಾಲ್ಕು ವರ್ಷ ಉರಿದುಕೊಂಡು ಕಾದಿದ್ದೆ!

“ಹಾಗಾದರೆ ಈ ಸಲ ನೀನೇ ಓಡಿಸ್ತೀಯಾ?” ಅಂದರು.

“ಅಯ್ಯೋ, ಬೇ—” ಎಂದವಳು ನಾಲಿಗೆ ಕಚ್ಚಿಕೊಂಡೆ.

ಲಿಂಬೆಹಣ್ಣು

ನಾನು ಟ್ಯಾಂಕ್ ಓಡಿಸುವ ದಿನ ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಯೂ ಜೊತೆಗಿದ್ದರು. ಟ್ಯಾಂಕ್ ಸುತ್ತ ಕೊನೆಯ ತಪಾಸಣೆ ನಡೆಸುತ್ತಿದ್ದ ಯಜಮಾನರು ತಟ್ಟನೆ ಬಗ್ಗಿದರು. ಚಕ್ರಗಳನ್ನು ಸುತ್ತಿದ ಎರಡೂ ಉಕ್ಕಿನ ಪಟ್ಟಿಗಳ ಕೆಳಗೆ ಒಂದೊಂದು ಲಿಂಬೆಹಣ್ಣು, ಮೇಲೆ ಕುಂಕುಮ.

“ಇದೇನು?”

“ಅತ್ತೆ ಇಟ್ಟಿದ್ದು,” ಎಂದೆ. “ಹೊಸ ಗಾಡಿ ಮೊದಲ ಸಲ ಹೊರಡುವಾಗ ನಮ್ಮಲ್ಲಿ ಇಡ್ತೀವಿ. ಏನೂ ಅನಾಹುತ ಆಗದಿರಲಿ ಅಂತ.”

ಅವರು ಚೆಕ್‌ಲಿಸ್ಟಿನ ಕೊನೆಗೆ ಬರೆದುಕೊಂಡರು: ಲಿಂಬೆಹಣ್ಣು, ಎರಡು. ಟಿಕ್.

ಲಿವರ್ ಹಿಡಿದು ನಲವತ್ತು ಟನ್ನಿನ ಉಕ್ಕನ್ನು ಮೈದಾನದ ಸುತ್ತ ಒಂದು ರೌಂಡ್ ಹೊಡೆಸಿ, ತಂದು ಗೆರೆಗೆ ಸರಿಯಾಗಿ ನಿಲ್ಲಿಸಿದೆ. ಮುಖದ ತುಂಬ ಮಸಿ. ಇಳಿಯುವಷ್ಟರಲ್ಲಿ ಜನರ ನಡುವಿನಿಂದ ಬಂದವರು ಯಾರು? ಅದೇ ಫ್ಯಾಕ್ಟೋರಿಯಾದ ಮ್ಯಾನೇಜರ್ರು. ನನ್ನನ್ನು ದಾಟಿ ನೇರ ನನ್ನ ಗಂಡನ ಬಳಿ ಹೋಗಿ ಕೈ ಕುಲುಕಿದರು. “ಕಂಗ್ರಾಟ್ಸ್ ಸರ್! ಮನೆಯವರಿಗೆ ಎಷ್ಟು ಚೆನ್ನಾಗಿ ಡ್ರೈವಿಂಗ್ ಕಲಿಸಿದೀರ!”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು.

“ಇಂವ ಏನ್ ಕಲಿಸ್ತಾನ್ರೀ? ಹ್ವಾದ ವಾರ ಕಾರ್ ಹಿಂದ ತಗೊಳ್ಳಾಕ ಹೋಗಿ ಬಾಜೂ ಮನ್ಯಾವ್ರ ಟಪಾಲ ಡಬ್ಬಿ ಮಲಗಿಸ್ಯಾನ!”

ಆಮೇಲೆ ನನ್ನ ಕಡೆ ತಿರುಗಿ ಚಿಂತೆಯಿಂದ ಕೇಳಿದರು:

“ಟ್ಯಾಂಕಿಗೆ ಎರಡು ಲಿಂಬಿಹಣ್ಣು ಸಾಕಾದ್ವು, ಯವ್ವಾ. ಈಗ ಮನೀಗೆ ಕಾರ್ ಇಂವನ ಹೊಡ್ಯಾಂವ ಇದ್ರ, ಇಲ್ಲೆ ಎಲ್ಲ್ಯರ ಇನ್ನೊಂದು ಡಜನ್ ಸಿಗ್ತಾವೇನು?”